ಕಾಲೇಜಲ್ಲಿ ಹುಲಿ, ಎನ್‌ಎಫ್‌ಎಲ್‌ನಲ್ಲಿ ಇಲಿ: ಈ ಕ್ವಾರ್ಟರ್‌ಬ್ಯಾಕ್‌ಗಳಿಗೆ ಏನಾಗುತ್ತದೆ?

ಮರೂನ್ ಮಂಜ, ಡಲ್ಲಸ್
ಶನಿವಾರ ಬಟ್ಟೆ ಬೀರು ಖಾಲಿ ಮಾಡುವಾಗ ಹಳೇ ಜೆರ್ಸಿಯೊಂದು ಸಿಕ್ಕಿತು. ಮರೂನ್ ಬಣ್ಣ, ನಂಬರ್ 2. ಎಂಟು ವರ್ಷದ ಮಗ ಕೇಳಿದ, "ಅಪ್ಪಾ, ಇದು ಯಾರ ನಂಬರು?" ಜಾನಿ ಮ್ಯಾನ್‌ಜೆಲ್ ಅಂದೆ. "ಈಗ ಯಾವ ಟೀಮಲ್ಲಿದ್ದಾನೆ?" ಎಲ್ಲೂ ಇಲ್ಲ ಕಣೋ ಅಂದೆ. ಅವನು ನಂಬಲಿಲ್ಲ.

2012ರಲ್ಲಿ ನಾನು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಾಡುತ್ತಿದ್ದೆ. ಮ್ಯಾನ್‌ಜೆಲ್ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಟೀಮಿನ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ಆಟ ನಡೆಸುವವನು. ಅಲಬಾಮಾ ಮ್ಯಾಚಿನ ದಿನ ನಾಲ್ಕು ಜನ ರೂಮ್‌ಮೇಟ್‌ಗಳು, ಒಂದೇ ಸೋಫಾ, ಚಿತ್ರಾನ್ನದ ಬಾಣಲೆ ನೆಲದ ಮೇಲೆ. ಮೊದಲ ಕ್ವಾರ್ಟರ್‌ನಲ್ಲಿ ಮ್ಯಾನ್‌ಜೆಲ್ ಓಡಿಹೋಗಿ ತನ್ನದೇ ಲೈನ್‌ಮನ್‌ಗೆ (ಮುಂದೆ ನಿಂತು ಅವನನ್ನ ಕಾಯುವವನಿಗೆ) ಡಿಕ್ಕಿ ಹೊಡೆದ. ಚೆಂಡು ಕೈಯಿಂದ ಮೇಲೆ ಚಿಮ್ಮಿತು. ಕತೆ ಮುಗೀತು ಅಂದುಕೊಂಡೆವು. ಅವನು ಅದನ್ನ ಗಾಳಿಯಲ್ಲೇ ಹಿಡಿದು, ಎಡಕ್ಕೆ ಓಡಿ, ಒಬ್ಬನೇ ನಿಂತಿದ್ದ ರಯಾನ್ ಸ್ವೋಪ್‌ಗೆ ಎಸೆದ. ಟಚ್‌ಡೌನ್, ಆರು ಅಂಕ! ಬಾಣಲೆ ಒದ್ದವರು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ನಂಬರ್ ಒನ್ ಅಲಬಾಮಾವನ್ನ ಅವರ ಊರಲ್ಲೇ 29-24ರಲ್ಲಿ ಸೋಲಿಸಿದೆವು. ಆ ವರ್ಷದ ಹೈಸ್ಮನ್, ಅಂದ್ರೆ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನ ಟ್ರೋಫಿ, ಅವನಿಗೇ. ಫ್ರೆಶ್‌ಮನ್ ಹುಡುಗನಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಆಮೇಲೆ ವೃತ್ತಿಪರರ ಲೀಗ್, ಎನ್‌ಎಫ್‌ಎಲ್. 2014ರ ಡಿಸೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಪರ ಅವನ ಮೊದಲ ಸ್ಟಾರ್ಟ್, ಅಂದ್ರೆ ಶುರುವಿನಿಂದಲೇ ಆಡಿದ ಮ್ಯಾಚು. ಸಿನ್ಸಿನಾಟಿ ಎದುರು 30-0 ಸೋಲು. ಅವನು ಎಸೆದದ್ದು ಒಟ್ಟು 80 ಗಜ, ಎರಡು ಇಂಟರ್‌ಸೆಪ್ಷನ್ (ಎಸೆದ ಚೆಂಡು ಎದುರಾಳಿಯ ಕೈಗೆ). ಇಡೀ ಎನ್‌ಎಫ್‌ಎಲ್ ಬದುಕಿನಲ್ಲಿ 8 ಸ್ಟಾರ್ಟು, 2 ಗೆಲುವು.

ಅದೇ ಕೈ, ಅದೇ ಕಾಲು. ಎರಡು ವರ್ಷದಲ್ಲಿ ಏನಾಯಿತು? ಇವನೊಬ್ಬನೇ ಅಲ್ವಲ್ಲ, ಎನ್‌ಎಫ್‌ಎಲ್ ಟೀಮುಗಳು ಸರದಿ ಪ್ರಕಾರ ಕಾಲೇಜು ಹುಡುಗರನ್ನ ಆರಿಸಿಕೊಳ್ಳುವ ಪ್ರತಿ ಡ್ರಾಫ್ಟ್‌ನಲ್ಲೂ ಇಂಥವನೊಬ್ಬ ಇರ್ತಾನೆ. ಯಾಕೆ?

ಈರಿಕೆರೆ ಏರಿ, ಕ್ಲೀವ್‌ಲ್ಯಾಂಡ್
ಭಾನುವಾರ ಬೆಳಗ್ಗೆಯೇ ನಮ್ಮ ಗಾಯಕ್ಕೆ ಉಪ್ಪು ಹಾಕಬೇಕಿತ್ತಾ ಮಾರಾಯ್ರೇ?

1999ರಲ್ಲಿ ಬ್ರೌನ್ಸ್ ಟೀಮು ವಾಪಸ್ ಬಂದಾಗಿನಿಂದ ಇಲ್ಲಿ ಸ್ಟಾರ್ಟ್ ಮಾಡಿದ ಕ್ವಾರ್ಟರ್‌ಬ್ಯಾಕ್‌ಗಳ ಸಂಖ್ಯೆ 40 ದಾಟಿದೆ. ಟಿಮ್ ಕೌಚ್ ಹೆಸರಿರುವ ಜೆರ್ಸಿ, ಅದರ ಮೇಲೆ ಟೇಪು, ಟೇಪಿನ ಮೇಲೆ ಮುಂದಿನವನ ಹೆಸರು, ಹಾಗೇ ಬೆನ್ನು ತುಂಬಾ. ಆ ಜೆರ್ಸಿ ನಮ್ಮೂರಲ್ಲಿ ಭಾರಿ ಫೇಮಸ್. ಕೌಚ್ 1999ರ ಮೊದಲ ಪಿಕ್, ಅಂದ್ರೆ ಡ್ರಾಫ್ಟ್‌ನ ಮೊದಲ ಆಯ್ಕೆ. ಮೊದಲ ವರ್ಷವೇ 56 ಸಲ ಸ್ಯಾಕ್ ತಿಂದ (ಎಸೆಯುವ ಮುಂಚೆಯೇ ಕೆಡವಿದರು). ಮ್ಯಾನ್‌ಜೆಲ್ 22ನೇ ಪಿಕ್. ಅದೇ ಡ್ರಾಫ್ಟ್‌ನಲ್ಲಿ ಡೆರೆಕ್ ಕಾರ್ 36ರಲ್ಲಿ ಹೋದ. ಆಮೇಲೆ ಹನ್ನೊಂದು ಸೀಸನ್ ಆಡಿದ. ನಾನಿನ್ನೇನೂ ಹೇಳಲ್ಲ.

ಸುಮ್ನೆ ಓದುವವ
ಬ್ರೌನ್ಸ್‌ಗೆ ಹೋದ್ರೆ ಯಾರೇ ಆದ್ರೂ ಅಷ್ಟೇ. ಉತ್ತರ ಸಿಕ್ತು, ಎಳೆ ಮುಚ್ಚಿ.

ದಾವಣಗೆರೆ ಬೆಣ್ಣೆ
ಒಂದು ಪೆದ್ದು ಪ್ರಶ್ನೆ. ನಾನು ಬಂದು ಆರು ತಿಂಗಳಾಯ್ತು, ಈ ಆಟ ತಲೆಗೆ ಹತ್ತುತ್ತಿಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವವನು ತಾನೇ? ಮೈದಾನ ಅದೇ, ಚೆಂಡೂ ಹೆಚ್ಚುಕಮ್ಮಿ ಅದೇ. ಕಾಲೇಜಲ್ಲಿ ಎಸೆದವನಿಗೆ ಇಲ್ಲಿ ಎಸೆಯೋಕೆ ಏನು ಕಷ್ಟ?

ಹೈಸ್ಕೂಲ್ ಅಮ್ಮ, ಆಸ್ಟಿನ್
@ದಾವಣಗೆರೆ ಬೆಣ್ಣೆ, ಎಸೆಯುವುದು ಕೊನೆಯ ಕೆಲಸ. ಅದಕ್ಕೂ ಮುಂಚೆ ನೂರು ಕೆಲಸ ಇರುತ್ತದೆ. ನನ್ನ ಮಗ ಹೈಸ್ಕೂಲ್ ಟೀಮಲ್ಲಿ ಎರಡನೇ ಕ್ವಾರ್ಟರ್‌ಬ್ಯಾಕ್. ಅಂದ್ರೆ ನೀರಿನ ಬಾಟಲಿ ಹಿಡಿದು ನಿಲ್ಲುವವನು. ಆದರೂ ಕಾರಲ್ಲಿ ಕೂತರೆ ನನಗೆ ಪಾಠ ಶುರು.

ಕಾಲೇಜು ಮ್ಯಾಚಲ್ಲಿ ಬೌಂಡರಿ ಪಕ್ಕ ದೊಡ್ಡ ದೊಡ್ಡ ಬೋರ್ಡು ಎತ್ತಿ ಹಿಡಿಯುವುದನ್ನ ನೋಡಿದ್ದೀರಾ? ಒಂದರಲ್ಲಿ ಸಿಂಹ, ಒಂದರಲ್ಲಿ ಪಿಜ್ಜಾ, ಒಂದರಲ್ಲಿ ಯಾವುದೋ ನಟನ ಮುಖ. ನಾನು ಜಾಹೀರಾತು ಅಂದುಕೊಂಡಿದ್ದೆ. ಅದೇ ಪ್ಲೇ, ಅಂದ್ರೆ ಈ ಸರದಿಯಲ್ಲಿ ಯಾರು ಏನು ಮಾಡಬೇಕು ಅನ್ನುವ ಯೋಜನೆ. ಹನ್ನೊಂದೂ ಜನ ತಿರುಗಿ ನೋಡುತ್ತಾರೆ, ತಂತಮ್ಮ ಕೆಲಸ ತಿಳಿದುಕೊಳ್ಳುತ್ತಾರೆ. ಎದುರಿನವರು ಹೇಗೆ ನಿಂತಿದ್ದಾರೆ ಅಂತ ಕೋಚೇ ನೋಡಿ, ಬೇಕಾದರೆ ಇನ್ನೊಂದು ಬೋರ್ಡು ಎತ್ತಿಸಿ ಪ್ಲೇ ಬದಲಾಯಿಸುತ್ತಾನೆ. ಹುಡುಗ ಎಸೆದರಾಯಿತು.

ಎನ್‌ಎಫ್‌ಎಲ್‌ನಲ್ಲಿ ಹೆಲ್ಮೆಟ್ ಒಳಗೆ ಸ್ಪೀಕರ್. ಕೋಚ್ ಪ್ಲೇ ಹೇಳುತ್ತಾನೆ. ಪ್ಲೇ ಶುರು ಮಾಡೋಕೆ ಇಟ್ಟ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ಸ್ಪೀಕರ್ ಬಂದ್. ಮುಂದೆ ಹುಡುಗ ಒಬ್ಬನೇ. ಕಿವಿಯಲ್ಲಿ ಕೇಳಿದ ಉದ್ದದ ಸಾಲನ್ನ ಹತ್ತು ಜನರಿಗೆ ತಪ್ಪಿಲ್ಲದೆ ಒಪ್ಪಿಸಬೇಕು. ನನ್ನ ಮಗ ಹೇಳಿಕೊಟ್ಟ ಒಂದು ಸಣ್ಣ ಪ್ಲೇ ಹೆಸರು "ಸ್ಪೈಡರ್ 2 ವೈ ಬನಾನಾ". ಇದು ಅ ಆ ಇ ಈ ಮಟ್ಟದ್ದಂತೆ. ದೊಡ್ಡವು ಒಂದೇ ಉಸಿರಲ್ಲಿ ಹೇಳೋಕಾಗಲ್ಲ. ಹೇಳಿ ಮುಗಿಸಿ, ಎದುರಿನವರನ್ನ ನೋಡಿ, ಯಾರು ನುಗ್ಗಿ ಬರ್ತಾರೆ ಅಂತ ಊಹಿಸಿ, ಲೈನ್‌ಮನ್‌ಗಳಿಗೆ ಕೂಗಿ ಹೇಳಿ, ಆಮೇಲೆ ಚೆಂಡು ಕೈಗೆ ಬರುತ್ತದೆ. ಬಂದ ಮೇಲೆ ಎರಡೂವರೆ ಸೆಕೆಂಡು ಸಿಕ್ಕರೆ ಪುಣ್ಯ.

ದಾವಣಗೆರೆ ಬೆಣ್ಣೆ
ಅಯ್ಯೋ. ನಮ್ಮ ಮೇಷ್ಟ್ರು ಮಗ್ಗಿ ಒಪ್ಪಿಸೋಕೆ ಹೇಳಿದಾಗಲೂ ಇಷ್ಟು ಅವಸರ ಮಾಡಿರಲಿಲ್ಲ.

ಲಬ್ಬಕ್ ಧೂಳು
ಅಮ್ಮಾವ್ರೇ, ಚೆನ್ನಾಗಿ ಹೇಳಿದಿರಿ. ಒಂದು ತಿದ್ದುಪಡಿ. 2024ರಿಂದ ಕಾಲೇಜಿನ ಮೇಲ್ಮಟ್ಟದಲ್ಲೂ ಹೆಲ್ಮೆಟ್ ರೇಡಿಯೋ ಬಂದಿದೆ. ಬೋರ್ಡು ಪೂರ್ತಿ ಹೋಗಿಲ್ಲ, ಅಷ್ಟೇ.

ಮಂಜಣ್ಣ, ನಿಮ್ಮ ಮ್ಯಾನ್‌ಜೆಲ್‌ಗೆ 2012ರಲ್ಲಿ ಅಫೆನ್ಸ್ (ಚೆಂಡು ನಮ್ಮ ಕೈಯಲ್ಲಿದ್ದಾಗಿನ ಆಟ) ಕಲಿಸಿದವನು ಯಾರು? ನಮ್ಮ ಟೆಕ್ಸಸ್ ಟೆಕ್‌ನ ಕ್ಲಿಫ್ ಕಿಂಗ್ಸ್‌ಬರಿ. ಅದು ನಮ್ಮ ಹಳೇ ಕೋಚ್ ಮೈಕ್ ಲೀಚ್ ಬೆಳೆಸಿದ ಏರ್ ರೇಡ್ ಆಟ. ರಿಸೀವರ್‌ಗಳನ್ನ (ಚೆಂಡು ಹಿಡಿಯುವವರನ್ನ) ಮೈದಾನದ ಅಗಲಕ್ಕೆ ಹರಡು, ಬೇಗ ಬೇಗ ಆಡು, ಯಾರು ಖಾಲಿ ಇದ್ದಾನೋ ಅವನಿಗೆ ಎಸೆ. ಪ್ಲೇಗಳು ಕಡಿಮೆ, ಅಭ್ಯಾಸ ಜಾಸ್ತಿ. ನಮ್ಮ ಬಿ.ಜೆ. ಸೈಮನ್ಸ್ 2003ರ ಒಂದೇ ಸೀಸನ್‌ನಲ್ಲಿ 5,833 ಗಜ ಎಸೆದ. ಕೊನೆಯದಾದ ಏಳನೇ ರೌಂಡಿನಲ್ಲಿ ಆಯ್ಕೆಯಾದ, ಅಷ್ಟಕ್ಕೇ ಮುಗೀತು. ಗ್ರಹಾಂ ಹ್ಯಾರೆಲ್ ರಾಶಿ ರಾಶಿ ಗಜ ಎಸೆದು ಡ್ರಾಫ್ಟೇ ಆಗಲಿಲ್ಲ. ಆ ಗಜಗಳು ಆಟದ ಪದ್ಧತಿಗೆ ಸೇರಿದ್ದು, ಹುಡುಗನಿಗಲ್ಲ ಅಂತ ಸ್ಕೌಟ್‌ಗಳಿಗೆ ಗೊತ್ತಿತ್ತು.

ಗಣಿತ ಮೇಷ್ಟ್ರು, ನ್ಯೂಜೆರ್ಸಿ
"ಮೈದಾನ ಅದೇ" ಅಂದವರಿಗೆ ಸ್ವಲ್ಪ ಲೆಕ್ಕ ಹೇಳಬೇಕು.

ಎರಡರ ಅಗಲವೂ 160 ಅಡಿ. ಆದರೆ ಪ್ರತಿ ಪ್ಲೇ ಶುರುವಾಗುವ ಜಾಗ ನಿರ್ಧರಿಸುವ ಹ್ಯಾಶ್ ಗೆರೆಗಳಿವೆಯಲ್ಲ, ಕಾಲೇಜಲ್ಲಿ ಅವುಗಳ ನಡುವೆ 40 ಅಡಿ ಅಂತರ. ಎನ್‌ಎಫ್‌ಎಲ್‌ನಲ್ಲಿ ಬರೀ ಹದಿನೆಂಟೂವರೆ ಅಡಿ. ಕಾಲೇಜಲ್ಲಿ ಚೆಂಡು ಒಂದು ಹ್ಯಾಶ್ ಮೇಲಿದ್ದರೆ ಒಂದು ಪಕ್ಕ 60 ಅಡಿ, ಇನ್ನೊಂದು ಪಕ್ಕ 100 ಅಡಿ. ಆ ನೂರಡಿ ಬಯಲನ್ನ ಯಾರು ಕಾಯುತ್ತಾರೆ? ಡಿಫೆನ್ಸ್ ಹರಿದು ಹಂಚಿಹೋಗುತ್ತದೆ. ಕ್ವಾರ್ಟರ್‌ಬ್ಯಾಕ್‌ಗೆ ಯಾರು ಎಲ್ಲಿ ಹೋಗ್ತಾರೆ ಅಂತ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಎನ್‌ಎಫ್‌ಎಲ್‌ನಲ್ಲಿ ಅದೇ ಲೆಕ್ಕ ಸುಮಾರು 71 ಮತ್ತು 89. ಎರಡೂ ಪಕ್ಕ ಹತ್ತಿರ ಹತ್ತಿರ ಸಮ. ಡಿಫೆನ್ಸ್ ಯಾವ ವೇಷ ಬೇಕಾದರೂ ಹಾಕಿ ನಿಲ್ಲಬಹುದು, ಕೊನೇ ಗಳಿಗೆಯಲ್ಲಿ ಬದಲಾಯಿಸಬಹುದು.

ಇನ್ನೊಂದು. ಕಾಲೇಜಲ್ಲಿ ಲೈನ್‌ಮನ್‌ಗಳು ಪಾಸ್ ಎಸೆಯುವ ಮುಂಚೆ 3 ಗಜ ಮುಂದೆ ಹೋಗಬಹುದು. ಎನ್‌ಎಫ್‌ಎಲ್‌ನಲ್ಲಿ 1 ಗಜ. ಕಾಲೇಜಲ್ಲಿ "ಓಡೋದಾ, ಎಸೆಯೋದಾ" ಅಂತ ಆಸೆ ತೋರಿಸಿ ಮೋಸ ಮಾಡುವ ಪ್ಲೇಗಳಿಗೆ ಆ ಎರಡು ಗಜವೇ ಜೀವ. ರಿಸೀವರ್‌ಗೂ ಹಾಗೇ. ಅಲ್ಲಿ ಒಂದು ಕಾಲು ಗೆರೆಯೊಳಗಿದ್ದರೆ ಕ್ಯಾಚು, ಇಲ್ಲಿ ಎರಡೂ ಬೇಕು.

ಬಫಲೋ ಎಮ್ಮೆ
ಮೇಷ್ಟ್ರೇ, ನಿಮ್ಮ ಕ್ಲಾಸಲ್ಲಿ ಕೂತಿದ್ದರೆ ನಾನೂ ಪಾಸಾಗ್ತಿದ್ದೆ.

ನೈನರ್ ನಾಗಿ, ಸ್ಯಾನ್ ಹೋಸೆ
ಗೆರೆ, ಗಜ ಎಲ್ಲಾ ಸರಿ. ಎದುರಿಗೆ ನಿಂತವರನ್ನ ಮರೀತಿದ್ದೀರಿ. ಕಾಲೇಜಿನ ಮೇಲ್ಮಟ್ಟದಲ್ಲೇ 130ಕ್ಕೂ ಜಾಸ್ತಿ ಟೀಮು. ವರ್ಷಕ್ಕೆ ಡ್ರಾಫ್ಟ್ ಆಗುವವರು ಇನ್ನೂರ ಐವತ್ತು ಚಿಲ್ಲರೆ. ಅಂದ್ರೆ ಶನಿವಾರ ನಿನ್ನನ್ನ ಅಟ್ಟಿಸಿಕೊಂಡು ಬರುವವರಲ್ಲಿ ಬಹುಪಾಲು ಮುಂದೆ ಇನ್ಶೂರೆನ್ಸ್ ಮಾರುತ್ತಾರೆ, ಮೇಷ್ಟ್ರಾಗುತ್ತಾರೆ. ಭಾನುವಾರ ಅಟ್ಟಿಸಿಕೊಂಡು ಬರುವ ಪ್ರತಿಯೊಬ್ಬನೂ ತನ್ನ ಕಾಲೇಜಿನ ಹೀರೋ. ಕಾಲೇಜಲ್ಲಿ ರಿಸೀವರ್ ಖಾಲಿ ಅಂದ್ರೆ ಸುತ್ತ ಮೂರು ಗಜ ಯಾರೂ ಇಲ್ಲ. ಇಲ್ಲಿ ಖಾಲಿ ಅಂದ್ರೆ ಒಂದು ಮೊಳ ಜಾಗ. ಅದೂ ಅವನು ತಿರುಗುವ ಮುಂಚೆಯೇ ಚೆಂಡು ಗಾಳಿಯಲ್ಲಿರಬೇಕು. ಕಣ್ಣಿಗೆ ಕಂಡ ಮೇಲೆ ಎಸೆದರೆ ತಡ ಆಯಿತು ಅಂತಲೇ ಲೆಕ್ಕ.

ಮ್ಯಾನ್‌ಜೆಲ್ ಸಮಸ್ಯೆ ಅದೇ ಅಲ್ವಾ? ಓಡಾಡುತ್ತಾ, ಯಾರಾದರೂ ಖಾಲಿ ಆಗುವವರೆಗೆ ಕಾಯುತ್ತಿದ್ದ. ಇಲ್ಲಿ ಕಾಯೋಕೆ ಬಿಡಲ್ಲ. ಸಿನ್ಸಿನಾಟಿ ಬೆಂಗಾಲ್ಸ್‌ನವರು ಅವನನ್ನ ಹಿಡಿದು ಕೆಡವಿ, ಅವನದೇ ದುಡ್ಡೆಣಿಸುವ ಸನ್ನೆ ಮಾಡಿ ಅಣಕಿಸಿದ್ದು ನೆನಪಿದೆಯಾ?

ಮರೂನ್ ಮಂಜ, ಡಲ್ಲಸ್
ನೆನಪಿದೆ. ನೆನಪಿಸಿದ್ದಕ್ಕೆ ಥ್ಯಾಂಕ್ಸ್ ಏನಿಲ್ಲ.

ಕೋಲ್ಟ್ಸ್ ಕಾಕಾ, ಇಂಡಿಯಾನಾಪೊಲಿಸ್
ನಾನು ಇಲ್ಲಿಗೆ ಬಂದಿದ್ದು 1997ರಲ್ಲಿ. ಮರುವರ್ಷದ ಡ್ರಾಫ್ಟ್‌ಗೆ ಮುಂಚೆ ಆಫೀಸಿನ ಕಾಫಿ ಮಷಿನ್ ಹತ್ತಿರ ಒಂದೇ ಜಗಳ. ಪೇಟನ್ ಮ್ಯಾನಿಂಗಾ, ರಯಾನ್ ಲೀಫಾ? ಅರ್ಧ ಜನ ಲೀಫ್ ಕಡೆ. ಅವನ ಕೈ ಗಟ್ಟಿ, ಆಳು ದೊಡ್ಡವನು, ವಾಷಿಂಗ್ಟನ್ ಸ್ಟೇಟನ್ನ ರೋಸ್ ಬೌಲ್ ಅನ್ನೋ ದೊಡ್ಡ ಕಾಲೇಜು ಮ್ಯಾಚಿಗೆ ಕರೆದುಕೊಂಡು ಹೋಗಿದ್ದ. ನಮ್ಮವರು ಮ್ಯಾನಿಂಗ್‌ನ ತಗೊಂಡರು. ಸ್ಯಾನ್ ಡಿಯಾಗೊ ಒಂದೇ ಒಂದು ಸ್ಥಾನ ಮೇಲೇರಿ ಲೀಫ್‌ನ ಹಿಡಿಯೋಕೆ ಎರಡು ಫಸ್ಟ್ ರೌಂಡ್ ಪಿಕ್ ಸುರಿಯಿತು. ಅದರ ಮೇಲೆ ಇನ್ನೂ ಏನೇನೋ.

ಲೀಫ್‌ನ ಮೂರನೇ ಮ್ಯಾಚು ಕ್ಯಾನ್ಸಸ್ ಸಿಟಿಯಲ್ಲಿ. 15 ಸಲ ಎಸೆದ. ಒಂದೇ ಒಂದು ಹಿಡಿದರು. 4 ಗಜ. ನಾಲ್ಕು! ನಮ್ಮ ಅಡುಗೆಮನೆ ಅದಕ್ಕಿಂತ ಉದ್ದ ಇದೆ. ಆ ಸೀಸನ್ ಮುಗಿಯುವ ಹೊತ್ತಿಗೆ 2 ಟಚ್‌ಡೌನು, 15 ಇಂಟರ್‌ಸೆಪ್ಷನ್.

ಈಗ ಜನ ಮರೆಯುವ ಮಾತು. ಅದೇ ವರ್ಷ ಮ್ಯಾನಿಂಗ್ 28 ಇಂಟರ್‌ಸೆಪ್ಷನ್ ಎಸೆದ. ರೂಕಿಗಳಲ್ಲಿ, ಅಂದ್ರೆ ಮೊದಲ ವರ್ಷದವರಲ್ಲಿ, ಅದೇ ದಾಖಲೆ. ಟೀಮು 3-13, ಅಂದ್ರೆ 3 ಗೆಲುವು, 13 ಸೋಲು. ನಾನೇ ಟೀವಿ ಮುಂದೆ ಬೈದಿದ್ದೇನೆ. ಆದರೆ ಯಾರೂ ಅವನನ್ನ ಕೂರಿಸಲಿಲ್ಲ. ಅಫೆನ್ಸ್ ನೋಡಿಕೊಳ್ಳುವ ಕೋಚ್, ಅಂದ್ರೆ ಕೋಆರ್ಡಿನೇಟರ್, ಟಾಮ್ ಮೂರ್ ಆ ವರ್ಷ ಬಂದವರು, ಹತ್ತು ವರ್ಷದ ಮೇಲೂ ಅವರೇ ಇದ್ದರು. ಅದೇ ಭಾಷೆ, ಅದೇ ಸನ್ನೆ, ಅದೇ ಪುಸ್ತಕ. ಹೆಡ್ ಕೋಚ್ ಬದಲಾದರೂ ಮೂರ್ ಬದಲಾಗಲಿಲ್ಲ.

ನೈನರ್ ನಾಗಿ, ಸ್ಯಾನ್ ಹೋಸೆ
ಕಾಕಾ, ಇದರ ಉಲ್ಟಾ ಕತೆ ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ನೈನರ್ಸ್ ಮನೆಯದು. ಅಲೆಕ್ಸ್ ಸ್ಮಿತ್, 2005ರ ಮೊದಲ ಪಿಕ್. ಯೂಟಾದಲ್ಲಿ ಹರಡಿ ಆಡುವ ಸ್ಪ್ರೆಡ್ ಆಟ ಆಡಿ, ಕೊನೇ ಸೀಸನ್‌ನಲ್ಲಿ ಸೋಲೇ ಕಾಣದೆ ಬಂದ ಹುಡುಗ. ಮೊದಲ ವರ್ಷ 1 ಟಚ್‌ಡೌನ್, 11 ಇಂಟರ್‌ಸೆಪ್ಷನ್. ಮೊದಲ ಐದು ವರ್ಷದಲ್ಲಿ ಐದು ಕೋಆರ್ಡಿನೇಟರ್‌ಗಳು: ಮೆಕಾರ್ಥಿ, ನಾರ್ವ್ ಟರ್ನರ್, ಹಾಸ್ಲರ್, ಮಾರ್ಟ್ಜ್, ಜಿಮ್ಮಿ ರೇ. ಪ್ರತಿ ಬೇಸಿಗೆಯಲ್ಲೂ ಹೊಸ ಭಾಷೆ ಕಲಿ, ಹಳೆಯದನ್ನ ಮರೆ. ಊರೆಲ್ಲಾ ಅವನನ್ನ ದಂಡಪಿಂಡ ಅಂತ ಬೈಯಿತು. ನಾನೂ ಬೈದೆ. 2011ರಲ್ಲಿ ಹೊಸ ಹೆಡ್ ಕೋಚ್ ಹಾರ್ಬಾ ಬಂದರು. ಅದೇ ಸ್ಮಿತ್ ಜೊತೆ 13-3!

ಅದೇ ಡ್ರಾಫ್ಟ್‌ನಲ್ಲಿ ಆರನ್ ರಾಜರ್ಸ್ 24ರವರೆಗೆ ಜಾರಿ ಗ್ರೀನ್ ಬೇಗೆ ಹೋದ. ಮೂರು ವರ್ಷ ಹಿರಿಯ ಕ್ವಾರ್ಟರ್‌ಬ್ಯಾಕ್ ಫಾವ್ರ್ ಹಿಂದೆ ಬೆಂಚಲ್ಲಿ ಕೂತು ಕಲಿತ. ಇಬ್ಬರ ಜಾಗ ಅದಲುಬದಲಾಗಿದ್ದರೆ ಯಾರು ಯಾರಾಗ್ತಿದ್ದರು ಹೇಳಿ ನೋಡೋಣ.

ತಡರಾತ್ರಿ ಟೆಸ್ಟರ್
ಇದು ಓದಿ ನನಗೆ ನನ್ನ ಮೊದಲ ಕೆಲಸ ನೆನಪಾಯಿತು. ಕಾಲೇಜಲ್ಲಿ ನಾನೇ ಟಾಪರ್. ಕ್ಯಾಂಪಸ್ಸಲ್ಲಿ ದೊಡ್ಡ ಕಂಪನಿ, ಹೆಸರು ಬೇಡ. ಆರು ತಿಂಗಳಲ್ಲಿ ಮೂವರು ಮ್ಯಾನೇಜರ್. ಒಬ್ಬರು ಜಾವಾ ಅಂದರು, ಇನ್ನೊಬ್ಬರು ಅದನ್ನ ಬಿಸಾಕು ಅಂದರು. ಮೂರನೆಯವರು ಬಂದ ದಿನವೇ ರಜೆ ಮೇಲೆ ಹೋದರು. ಕೊನೆಗೆ ಪ್ರಾಜೆಕ್ಟ್ ಬಿದ್ದಾಗ "ಫ್ರೆಷರ್ ಸರಿ ಇಲ್ಲ" ಅಂತ ಬರೆದರು.

ಸುಮ್ನೆ ಓದುವವ
ನಿಮ್ಮನ್ನ ಯಾರಾದರೂ 56 ಸಲ ಸ್ಯಾಕ್ ಮಾಡಿದರಾ?

ತಡರಾತ್ರಿ ಟೆಸ್ಟರ್
ಒಂದೇ ಸಲ. ಅದೇ ಸಾಕಾಯಿತು.

ಈರಿಕೆರೆ ಏರಿ, ಕ್ಲೀವ್‌ಲ್ಯಾಂಡ್
ಹಾ! ಅದಕ್ಕೇ ನಾನು ಮೊದಲಿಂದ ಹೇಳ್ತಾ ಇರೋದು. ಡ್ರಾಫ್ಟ್‌ನ ನಿಯಮವೇ ಹಾಗಿದೆ. ಕೊನೇ ಸ್ಥಾನದವರಿಗೆ ಮೊದಲ ಪಿಕ್. ಅಂದ್ರೆ ದೇಶದ ಅತ್ಯುತ್ತಮ ಹುಡುಗನನ್ನ ದೇಶದ ಅತಿ ಕೆಟ್ಟ ಟೀಮಿಗೆ ಮದುವೆ ಮಾಡಿಕೊಡುತ್ತೀರಿ. ಮುರುಕಲು ಮನೆ, ಸೋರುವ ಸೂರು. ಆಮೇಲೆ ಸೊಸೆ ಸರಿ ಇಲ್ಲ ಅಂತೀರಿ.

ಡೇವಿಡ್ ಕಾರ್‌ನ ನೋಡಿ. 2002ರ ಮೊದಲ ಪಿಕ್. ಹ್ಯೂಸ್ಟನ್ ಟೆಕ್ಸನ್ಸ್ ಆ ವರ್ಷ ಹುಟ್ಟಿದ ಟೀಮು. 76 ಸ್ಯಾಕ್. ಒಂದೇ ಸೀಸನ್‌ನಲ್ಲಿ! 2005ರಲ್ಲಿ ಮತ್ತೆ 68. ಅಷ್ಟು ಏಟು ತಿಂದ ಮೇಲೆ ಯಾರಾದರೂ ಕಣ್ಣು ಎತ್ತಿ ರಿಸೀವರ್ ಕಡೆ ನೋಡ್ತಾರಾ? ನುಗ್ಗಿ ಬರುವವರನ್ನೇ ನೋಡ್ತಾರೆ. ನಾನು ಆಗಲೇ ಹೇಳಿದ ಡೆರೆಕ್ ಅವನ ತಮ್ಮ.

ಜೋ ಬರೋ ಜಿಂದಾಬಾದ್
ಒಪ್ಪಲ್ಲ. ನಮ್ಮ ಸಿನ್ಸಿನಾಟಿ 2019ರಲ್ಲಿ 2-14. ಮೊದಲ ಪಿಕ್ ಆಗಿ ಜೋ ಬರೋ ಬಂದ. ಮೊದಲ ವರ್ಷ ಮಂಡಿ ಹೋಯಿತು. ಎರಡನೇ ವರ್ಷ 51 ಸ್ಯಾಕ್ ತಿಂದ. ಪ್ಲೇಆಫ್‌ನಲ್ಲಿ ಟೆನೆಸಿ ಒಂದೇ ಮ್ಯಾಚಲ್ಲಿ 9 ಸಲ ಕೆಡವಿತು. ಆ ಮ್ಯಾಚ್ ಗೆದ್ದ! ಲೀಗಿನ ಫೈನಲ್ ಆದ ಸೂಪರ್ ಬೌಲ್‌ವರೆಗೆ ಎಳೆದುಕೊಂಡು ಹೋದ. ಲೈನ್ ಕೆಟ್ಟದಿತ್ತು, ಟೀಮು ಕೆಟ್ಟದಿತ್ತು ಅನ್ನೋದೆಲ್ಲ ನೆಪ. ಇರುವವನಿಗೆ ಇರುತ್ತದೆ, ಇಲ್ಲದವನಿಗೆ ಇಲ್ಲ.

ಗಣಿತ ಮೇಷ್ಟ್ರು, ನ್ಯೂಜೆರ್ಸಿ
ಒಂದು ಉದಾಹರಣೆ ಇಟ್ಟುಕೊಂಡು ನಿಯಮ ಬರೆಯಬೇಡಿ. ಮತ್ತೆ, ಬರೋಗೆ ಎರಡನೇ ವರ್ಷ ಯಾರನ್ನ ತಂದುಕೊಟ್ಟರು? ರಿಸೀವರ್ ಜಮಾರ್ ಚೇಸ್‌ನ. ಕಾಲೇಜಲ್ಲಿ, ಎಲ್‌ಎಸ್‌ಯುನಲ್ಲಿ, ಜೊತೆಗೇ ಆಡಿದವನು, ಕಣ್ಣು ಮುಚ್ಚಿ ಎಸೆದರೂ ಎಲ್ಲಿರ್ತಾನೆ ಅಂತ ಗೊತ್ತಿದ್ದವನು.

ಬಫಲೋ ಎಮ್ಮೆ
ನಮ್ಮವನ ಕತೆ ಯಾರೂ ಹೇಳ್ತಿಲ್ಲ. ಜಾಷ್ ಅಲೆನ್ ಕಾಲೇಜಲ್ಲಿ ಸ್ಟಾರೇ ಅಲ್ಲ. ವಯೋಮಿಂಗ್! ಎಸೆದ ಪಾಸುಗಳಲ್ಲಿ ಹಿಡಿದದ್ದು ಶೇಕಡಾ 56 ಚಿಲ್ಲರೆ. 2018ರಲ್ಲಿ 7ನೇ ಪಿಕ್ ಅಂದಾಗ ಇಡೀ ದೇಶ ನಕ್ಕಿತು. ಮೊದಲ ವರ್ಷ ಇನ್ನೂ ಕೆಳಗೆ, 53ರ ಆಸುಪಾಸು. 2020ರಲ್ಲಿ ಶೇಕಡಾ 69. 2024ರಲ್ಲಿ ಎಂವಿಪಿ, ಅಂದ್ರೆ ಲೀಗಿನ ಅತ್ಯುತ್ತಮ ಆಟಗಾರ. ನಾಲ್ಕು ವರ್ಷ ಒಬ್ಬನೇ ಕೋಆರ್ಡಿನೇಟರ್, ಬ್ರಯನ್ ಡೇಬಾಲ್. ಮೂರನೇ ವರ್ಷ ರಿಸೀವರ್ ಡಿಗ್ಸ್‌ನ ತಂದುಕೊಟ್ಟರು.

ಅದೇ ಡ್ರಾಫ್ಟ್‌ನ 10ನೇ ಪಿಕ್ ಜಾಷ್ ರೋಸನ್. ಅರಿಜೋನಾ ಒಂದೇ ವರ್ಷಕ್ಕೆ ಕೈಲರ್ ಮರ್ರೆಯನ್ನ ತಗೊಂಡು ಅವನನ್ನ ಮಯಾಮಿಗೆ ಕಳಿಸಿತು. ಅಲೆನ್‌ಗೆ ಆ ಮೊದಲ ವರ್ಷದ ಅಂಕ ನೋಡಿ ಹಾಗೇ ಮಾಡಿದ್ದರೆ?

ಲಬ್ಬಕ್ ಧೂಳು
ರೋಸನ್‌ನ ಕಳಿಸಿ ಮರ್ರೆಯನ್ನ ತಂದ ಕೋಚ್ ಯಾರು ಗೊತ್ತಾ? ಮತ್ತೆ ನಮ್ಮ ಕಿಂಗ್ಸ್‌ಬರಿ. ಈ ಎಳೆಯಲ್ಲಿ ಅವನಿಂದ ತಪ್ಪಿಸಿಕೊಳ್ಳೋಕಾಗಲ್ಲ.

ದಾವಣಗೆರೆ ಬೆಣ್ಣೆ
ಇದು ನಮ್ಮ ಕರುಣ್ ನಾಯರ್ ಕತೆ ಇದ್ದ ಹಾಗಿದೆ. 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಸೆಹ್ವಾಗ್ ಬಿಟ್ಟರೆ ಟೆಸ್ಟ್‌ನಲ್ಲಿ ಮುನ್ನೂರು ಹೊಡೆದ ಭಾರತೀಯ ಅವನೊಬ್ಬನೇ. 2017ರ ನಂತರ ಮುಂದಿನ ಟೆಸ್ಟ್‌ಗೆ 2025ರವರೆಗೆ ಕಾಯಬೇಕಾಯಿತು.

ಜೋ ಬರೋ ಜಿಂದಾಬಾದ್
ಎಲ್ಲಿಗೆಲ್ಲಿಯ ಹೋಲಿಕೆ? ಅವನು ಹೊಡೆದದ್ದೇ ಟೆಸ್ಟ್‌ನಲ್ಲಿ. ಇಲ್ಲಿ ಕೇಳ್ತಿರೋದು ರಣಜಿಯಲ್ಲಿ ಹೊಡೆದು ಟೆಸ್ಟ್‌ನಲ್ಲಿ ಸೊನ್ನೆ ಸುತ್ತುವವರ ಬಗ್ಗೆ. ಅಂಥವರ ಪಟ್ಟಿ ಬೇಕಾದರೆ ನಾನು ಕೊಡ್ತೀನಿ, ಮೊದಲನೆಯವನು

ನಿರ್ವಾಹಕ
ಬೇಡ. ಕ್ರಿಕೆಟ್‌ಗೆ ಬೇರೆ ಎಳೆ ಇದೆ. ಹೋದ ಸಲ ಆ ಪಟ್ಟಿಯಿಂದ ಇಬ್ಬರು ಮಾತು ಬಿಟ್ಟರು.

ಹೈಸ್ಕೂಲ್ ಅಮ್ಮ, ಆಸ್ಟಿನ್
ಓದಿನ ವಿಷಯ ಯಾರೂ ಎತ್ತಲಿಲ್ಲ. ಕಾಲೇಜಲ್ಲಿ ವಾರಕ್ಕೆ 20 ಗಂಟೆ ಮಾತ್ರ ಅಭ್ಯಾಸ ಅಂತ ನಿಯಮ ಇದೆ. ಎನ್‌ಎಫ್‌ಎಲ್‌ನಲ್ಲಿ ಅದೇ ಉದ್ಯೋಗ, ಬೆಳಗಿಂದ ರಾತ್ರಿವರೆಗೆ ವಿಡಿಯೋ ನೋಡುತ್ತಾರೆ. ಮ್ಯಾನ್‌ಜೆಲ್ ವಿಡಿಯೋ ನೋಡುತ್ತಲೇ ಇರಲಿಲ್ಲ ಅಂತ ಆಮೇಲೆ ಅವನೇ ಒಪ್ಪಿಕೊಂಡ. ಕಾಲೇಜಲ್ಲಿ ನೋಡದೆ ನಡೆಯಿತು, ಇಲ್ಲೂ ನಡೆಯುತ್ತೆ ಅಂದುಕೊಂಡ.

ಸುಮ್ನೆ ಓದುವವ
ಜಮಾರ್ಕಸ್ ರಸೆಲ್‌ಗೆ ಕೋಚ್ ಖಾಲಿ ಡಿವಿಡಿ ಕೊಟ್ಟು ಕಳಿಸಿದರಂತೆ. ಮರುದಿನ ಕೇಳಿದರೆ "ನೋಡಿದೆ, ಬ್ಲಿಟ್ಜ್‌ಗಳು (ಎದುರಿನವರು ನುಗ್ಗಿ ಬರುವ ಪ್ಲೇಗಳು) ಚೆನ್ನಾಗಿದ್ದವು" ಅಂದನಂತೆ 😂

ಕೋಲ್ಟ್ಸ್ ಕಾಕಾ, ಇಂಡಿಯಾನಾಪೊಲಿಸ್
"ಅಂತೆ" ಜಾಸ್ತಿ ಇರುವ ಕತೆ ಅದು. ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ. ಗೊತ್ತಿರುವುದು ಇಷ್ಟು: 2007ರ ಮೊದಲ ಪಿಕ್, ಮಂಡಿ ಊರಿ ಕೂತು 60 ಗಜ ಎಸೆಯುವ ಕೈ, ರೇಡರ್ಸ್‌ಗೆ 25 ಸ್ಟಾರ್ಟು, 7 ಗೆಲುವು, 2010ರಲ್ಲಿ ಹೊರಗೆ. ಮಂಡಿ ಊರಿ ಎಸೆಯುವ ಪ್ಲೇ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನ ನೋಡಿ ಮರುಳಾದವರ ತಪ್ಪೇನೂ ಇಲ್ಲವಾ?

ಲಬ್ಬಕ್ ಧೂಳು
ನಮ್ಮವರೆಲ್ಲ ಸೋತರು ಅಂದೆನಲ್ಲ, ಒಬ್ಬನನ್ನ ಬೇಕಂತಲೇ ಬಿಟ್ಟಿದ್ದೆ.

2016ರ ಅಕ್ಟೋಬರ್, ಲಬ್ಬಕ್, ಓಕ್ಲಹೋಮಾ ಎದುರು. ನಾನು ಸ್ಟೂಡೆಂಟ್ ಪಾಸಲ್ಲಿ ಒಳಗಿದ್ದೆ. ನಮ್ಮ ಕಡೆ ಪ್ಯಾಟ್ರಿಕ್ ಮಹೋಮ್ಸ್, ಆ ಕಡೆ ಬೇಕರ್ ಮೇಫೀಲ್ಡ್. ಮಹೋಮ್ಸ್ 734 ಗಜ ಎಸೆದ. ಆದರೂ 66-59ರಲ್ಲಿ ಸೋತೆವು. ಮೂರನೇ ಕ್ವಾರ್ಟರ್ ಹೊತ್ತಿಗೆ ಯಾರು ಎಷ್ಟು ಹೊಡೆದರು ಅಂತ ಎಣಿಸುವುದನ್ನೇ ಬಿಟ್ಟಿದ್ದೆ. ಪಕ್ಕದ ಟೆಕ್ಸಸ್ ಅಜ್ಜ ಟೋಪಿ ತೆಗೆದು ತೊಡೆ ಮೇಲಿಟ್ಟುಕೊಂಡು, "ಈ ಹುಡುಗನೂ ಸೈಮನ್ಸ್ ಥರಾನೇ" ಅಂದ. ನಾನೂ ಹೌದು ಅಂದೆ.

ಮಹೋಮ್ಸ್ 2017ರ 10ನೇ ಪಿಕ್, ಕ್ಯಾನ್ಸಸ್ ಸಿಟಿಗೆ. ಟೀಮು ಆಗಲೇ ಪ್ಲೇಆಫ್ ಆಡುತ್ತಿತ್ತು, ಅವಸರ ಇರಲಿಲ್ಲ. ಇಡೀ ವರ್ಷ ಕೂತು ನೋಡಿದ, ಸ್ಟಾರ್ಟ್ ಮಾಡಿದ್ದು ಕೊನೇ ಮ್ಯಾಚು ಒಂದೇ. ಮರುವರ್ಷ 50 ಟಚ್‌ಡೌನ್, ಎಂವಿಪಿ. ಆ ಒಂದು ವರ್ಷ ಅವನು ಯಾರ ಹಿಂದೆ ಕೂತು ಕಲಿತ? ನಾಗಿ ಅವರು ಬೈದ ಅಲೆಕ್ಸ್ ಸ್ಮಿತ್ ಹಿಂದೆ.

ನೈನರ್ ನಾಗಿ, ಸ್ಯಾನ್ ಹೋಸೆ
ಸರಿ ಸರಿ, ತಪ್ಪಾಯ್ತು ಸ್ಮಿತ್ ಸಾಹೇಬ್ರೇ.

ಆದರೆ ಈಗ ಯಾರೂ ಕೂರಿಸಲ್ಲ. ದುಡ್ಡಿನ ಲೆಕ್ಕ. 2010ರಲ್ಲಿ ಸ್ಯಾಮ್ ಬ್ರಾಡ್‌ಫರ್ಡ್‌ಗೆ 5 ಕೋಟಿ ಡಾಲರ್ ಗ್ಯಾರಂಟಿ ಕೊಟ್ಟರು. ಅಷ್ಟು ಸುರಿದ ಮೇಲೆ ಬೆಂಚಲ್ಲಿ ಕೂರಿಸೋಕೆ ಮನಸ್ಸು ಬರಲ್ಲ. 2011ರಲ್ಲಿ ಲೀಗ್ ಮತ್ತು ಆಟಗಾರರ ಒಪ್ಪಂದದಲ್ಲಿ ರೂಕಿ ಸಂಬಳಕ್ಕೆ ಕಡಿವಾಣ ಬಿತ್ತು. ಆ ವರ್ಷದ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ಒಟ್ಟು ಸುಮಾರು 2.2 ಕೋಟಿ. ಇನ್ನಾದರೂ ಕೂರಿಸ್ತಾರೆ ಅಂದುಕೊಂಡರೆ ಉಲ್ಟಾ ಆಯಿತು. ಒಳ್ಳೇ ಕ್ವಾರ್ಟರ್‌ಬ್ಯಾಕ್ ನಾಲ್ಕೈದು ವರ್ಷ ಅಗ್ಗಕ್ಕೆ ಸಿಗ್ತಾನೆ. ಉಳಿದ ದುಡ್ಡಲ್ಲಿ ಟೀಮು ಕಟ್ಟಬೇಕು, ಅಷ್ಟರೊಳಗೆ ಗೆಲ್ಲಬೇಕು. ಅದಕ್ಕೇ ಮೊದಲ ದಿನವೇ ಆಡು ಅಂತಾರೆ. ಅದೇ ಒಪ್ಪಂದದಲ್ಲಿ ಸೀಸನ್ ಇಲ್ಲದ ದಿನಗಳ ಅಭ್ಯಾಸವನ್ನೂ ಕಡಿಮೆ ಮಾಡಿದರು. ಕಲಿಯೋದು ಯಾವಾಗ?

ಗಣಿತ ಮೇಷ್ಟ್ರು, ನ್ಯೂಜೆರ್ಸಿ
ನಾಗಿ ಅವರೇ, ನಿಮ್ಮ ಟೀಮಿನ ತಮಾಷೆ ನೀವೇ ಹೇಳಲಿಲ್ಲ. 2021ರಲ್ಲಿ ಟ್ರೇ ಲ್ಯಾನ್ಸ್‌ಗಾಗಿ ಫಸ್ಟ್ ರೌಂಡ್ ಪಿಕ್‌ಗಳ ಕಂತೆ ಕೊಟ್ಟಿರಿ. ಅವನು ಕಾಲೇಜಲ್ಲಿ ಆಡಿದ್ದೇ 17 ಸ್ಟಾರ್ಟು. ಮರುವರ್ಷ ಡ್ರಾಫ್ಟ್‌ನ ಕಟ್ಟಕಡೆಯ 262ನೇ ಪಿಕ್ ಬ್ರಾಕ್ ಪರ್ಡಿ. ಐಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿ ಸವೆದವನು. ಜಾಗ ಯಾರದಾಯಿತು? ಲ್ಯಾನ್ಸ್‌ನ ನಾಲ್ಕನೇ ರೌಂಡ್ ಪಿಕ್‌ಗೆ ಡಲ್ಲಸ್‌ಗೆ ಮಾರಿದಿರಿ.

ಇನ್ನೊಂದು ಮಾತು. ಹೈಸ್ಮನ್ ಟ್ರೋಫಿ ಎನ್‌ಎಫ್‌ಎಲ್‌ಗೆ ಕೊಡುವ ಸರ್ಟಿಫಿಕೇಟ್ ಅಲ್ಲ. ಜೇಸನ್ ವೈಟ್ 2003ರಲ್ಲಿ ಗೆದ್ದ, ಡ್ರಾಫ್ಟೇ ಆಗಲಿಲ್ಲ. 2001ರ ಎರಿಕ್ ಕ್ರೌಚ್‌ನ ರಿಸೀವರ್ ಅಂತ ತಗೊಂಡರು. 1993ರ ಚಾರ್ಲಿ ವಾರ್ಡ್ ಬಾಸ್ಕೆಟ್‌ಬಾಲ್ ಆಡೋಕೆ ಹೋಗಿಬಿಟ್ಟ, ನ್ಯೂಯಾರ್ಕ್ ನಿಕ್ಸ್‌ಗೆ. ಇವರನ್ನೆಲ್ಲ ಸೋತವರು ಅನ್ನೋದೇ ತಪ್ಪು. ಕಾಲೇಜು ಆಟವನ್ನ ಕಾಲೇಜಲ್ಲಿ ಗೆದ್ದರು, ಅಷ್ಟೇ.

ಜೋ ಬರೋ ಜಿಂದಾಬಾದ್
ಅನುಭವದ ಲೆಕ್ಕಾನೂ ನಂಬೋಕಾಗಲ್ಲ ಮೇಷ್ಟ್ರೇ. ಕ್ಯಾಮ್ ನ್ಯೂಟನ್ ಆಬರ್ನ್‌ನಲ್ಲಿ ಒಂದೇ ವರ್ಷ ಆಡಿದ. 2015ರಲ್ಲಿ ಎಂವಿಪಿ. ಟಿಮ್ ಟೀಬೋ ಫ್ಲೋರಿಡಾ ಕಾಲೇಜಲ್ಲಿ ನಾಲ್ಕು ವರ್ಷ ಇದ್ದ, ಹೈಸ್ಮನ್, ಎರಡು ಚಾಂಪಿಯನ್‌ಶಿಪ್, ಎಲ್ಲಾ ಇತ್ತು. 2011ರಲ್ಲಿ ಡೆನ್ವರ್ ಪರ ಎಸೆದ ಪಾಸುಗಳಲ್ಲಿ ಹಿಡಿದದ್ದು ಶೇಕಡಾ 46.5.

ಸುಮ್ನೆ ಓದುವವ
ಟೀಬೋ ಪಿಟ್ಸ್‌ಬರ್ಗ್‌ನ ಪ್ಲೇಆಫ್‌ನಲ್ಲಿ ಸೋಲಿಸಿದ್ದನ್ನ ಹೇಳಲ್ವಾ? ಓವರ್‌ಟೈಮ್‌ನ ಮೊದಲ ಪ್ಲೇ, 80 ಗಜ, ಡಿಮೇರಿಯಸ್ ಥಾಮಸ್. ನಾನು ಕುರ್ಚಿಯಿಂದ ಬಿದ್ದಿದ್ದೆ.

ಜೋ ಬರೋ ಜಿಂದಾಬಾದ್
ಹೇಳಲ್ಲ. ಆ ಬೇಸಿಗೆಯಲ್ಲೇ ಡೆನ್ವರ್ ಮ್ಯಾನಿಂಗ್‌ನ ತಂದು ಅವನನ್ನ ಜೆಟ್ಸ್‌ಗೆ ಕಳಿಸಿತು. ಅದನ್ನ ಹೇಳ್ತೀನಿ.

ಹೈಸ್ಕೂಲ್ ಅಮ್ಮ, ಆಸ್ಟಿನ್
ಜೆಟ್ಸ್ ಅಂದಾಗ ನೆನಪಾಯಿತು, ಸ್ಯಾಮ್ ಡಾರ್ನಾಲ್ಡ್. 2019ರಲ್ಲಿ ನ್ಯೂ ಇಂಗ್ಲೆಂಡ್ ಎದುರು ಬೆಂಚಲ್ಲಿ ಕೂತು "ದೆವ್ವ ಕಾಣಿಸ್ತಿದೆ" ಅಂದದ್ದು ಮೈಕಲ್ಲಿ ಹಿಡಿದು ದೇಶಕ್ಕೆಲ್ಲ ಕೇಳಿಸಿಬಿಟ್ಟರು. ಇಪ್ಪತ್ತೆರಡು ವರ್ಷದ ಹುಡುಗ. ಅಮ್ಮನಾಗಿ ನನಗೆ ಹೊಟ್ಟೆ ಉರಿಯಿತು. ಎದುರಿನವರು ಇದ್ದ ಜಾಗದಲ್ಲಿ ಇಲ್ಲ, ಇಲ್ಲದ ಜಾಗದಿಂದ ಬರ್ತಾರೆ. ಅವನು ಹೇಳಿದ್ದು ಅದನ್ನೇ. ಊರೂರು ಅಲೆದು 2024ರಲ್ಲಿ ಮಿನೆಸೋಟದಲ್ಲಿ 14 ಮ್ಯಾಚ್ ಗೆದ್ದ. ಮೇಫೀಲ್ಡ್ ಕೂಡ ಹಾಗೇ, ಕ್ಲೀವ್‌ಲ್ಯಾಂಡ್ ಬಿಟ್ಟು ಟ್ಯಾಂಪಾಗೆ ಹೋದ ಮೇಲೆ ಅರಳಿದ.

ಈರಿಕೆರೆ ಏರಿ, ಕ್ಲೀವ್‌ಲ್ಯಾಂಡ್
ಮತ್ತೆ ನಮ್ಮನ್ನೇ ಎಳೆದಿರಿ. ನಾನು ಕಾಫಿಗೆ ಹೋಗ್ತೀನಿ.

ಲಬ್ಬಕ್ ಧೂಳು
ಹೋಗುವ ಮುಂಚೆ ಒಂದು. 2024ರ ಎರಡನೇ ಪಿಕ್ ಜೇಡನ್ ಡೇನಿಯಲ್ಸ್. ಕಾಲೇಜಲ್ಲಿ 55 ಸ್ಟಾರ್ಟು. ಎಲ್‌ಎಸ್‌ಯುನಲ್ಲಿದ್ದಾಗಲೇ ವಿ.ಆರ್. ಹೆಡ್‌ಸೆಟ್ ಹಾಕಿಕೊಂಡು ಡಿಫೆನ್ಸ್ ಓದುತ್ತಿದ್ದ. ಕಾಲೇಜಲ್ಲೇ ದುಡ್ಡು ಸಿಗೋಕೆ ಶುರುವಾದ ಮೇಲೆ ಇಂಥ ಹುಡುಗರು ಅವಸರ ಮಾಡದೆ ಇನ್ನೊಂದೆರಡು ವರ್ಷ ಅಲ್ಲೇ ಉಳೀತಿದ್ದಾರೆ. ವಾಷಿಂಗ್ಟನ್‌ನಲ್ಲಿ ಮೊದಲ ವರ್ಷವೇ 12-5. ಆ ವರ್ಷ ಅಲ್ಲಿ ಅವನ ಕೋಆರ್ಡಿನೇಟರ್ ಯಾರಾಗಿದ್ದ ಅಂತ ಕೇಳಿ.

ಬಫಲೋ ಎಮ್ಮೆ
ಕಿಂಗ್ಸ್‌ಬರಿ ಅಂದ್ರೆ ನಾನು ಈ ಎಳೆ ಬಿಟ್ಟು ಹೋಗ್ತೀನಿ.

ಲಬ್ಬಕ್ ಧೂಳು
ಹೋಗಿ ಬನ್ನಿ.

ಕೋಲ್ಟ್ಸ್ ಕಾಕಾ, ಇಂಡಿಯಾನಾಪೊಲಿಸ್
ಮಂಜ, ಮಗನಿಗೆ ಕೊನೆಗೆ ಏನು ಹೇಳಿದೆ? ಜೆರ್ಸಿ ಇಟ್ಟುಕೋ. ಲೀಫ್ ಜೆರ್ಸಿ ಕೊಂಡಿದ್ದ ನನ್ನ ಸ್ನೇಹಿತ ಈಗಲೂ ಅದನ್ನ ಹ್ಯಾಲೋವೀನ್‌ಗೆ ಹಾಕಿಕೊಳ್ತಾನೆ.

ಮರೂನ್ ಮಂಜ, ಡಲ್ಲಸ್
ಹ್ಯಾಶ್ ಗೆರೆ, 15 ಸೆಕೆಂಡಿನ ಸ್ಪೀಕರ್ ಎಲ್ಲಾ ಹೇಳಿದೆ. ಹತ್ತು ನಿಮಿಷ ಕೇಳಿದ. ಆಮೇಲೆ ಅಲಬಾಮಾ ಮ್ಯಾಚಿನ ಆ ಪ್ಲೇ ಹಾಕು ಅಂದ. ಹಾಕಿದೆ. ಆರು ಸಲ ನೋಡಿದ. "ಅಪ್ಪಾ, ಇವನು ಎಸೆಯುವ ಮುಂಚೆ ಎಷ್ಟು ಹೊತ್ತು ಓಡಾಡ್ತಾನೆ! ಯಾರೂ ಹಿಡಿಯಲ್ವಾ?" ಅಂದ. ಇಷ್ಟು ದಿನ ನನಗೆ ಕಣ್ಣಿಗೆ ಬಿದ್ದೇ ಇರಲಿಲ್ಲ.

ಜೆರ್ಸಿ ವಿಷಯಕ್ಕೆ ಬಂದರೆ, ನಾನು ಇಲ್ಲಿ ಟೈಪ್ ಮಾಡ್ತಾ ಕೂತಿದ್ದಾಗ ಮನೆಯವಳು ಅದನ್ನ ಮಸಿಬಟ್ಟೆ ಮಾಡೋಕೆ ಒಯ್ದಿದ್ದಳು. ಈಗ ವಾಪಸ್ ತಂದು ಮುಂದೆ ಎಸೆದು ಹೋದಳು. ಪಾಲಿಯೆಸ್ಟರ್ ಅಂತೆ, ನೀರು ಹೀರಲ್ಲವಂತೆ.